ಪುಟ್ಟತಾಯಮ್ಮ ಮೊದಲು ನೋಡುವುದು ಹಿಮ್ಮಡಿ

ಕಿರಂಗೂರಿನ ಗದ್ದೆಬಯಲಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನಾಲೆಯ ನೀರು ಮುಟ್ಟಿದರೆ ಕೈ ಕೊರೆಯುತ್ತದೆ. ಬೇಸಿಗೆ ಬೆಳೆಯ ನಾಟಿಗೆ ಬಂದ ಹೆಂಗಸರು ಬದುವಿನ ಮೇಲೆ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ ಸಾಲಾಗಿ ನಿಲ್ಲುತ್ತಾರೆ. ಗುಂಪಿನ ಮುಂದಾಳು ಪುಟ್ಟತಾಯಮ್ಮ ಬ್ಯಾಟರಿ ಹಿಡಿದು ಕುಕ್ಕರಗಾಲಿನಲ್ಲಿ ಕೂತು ಒಬ್ಬೊಬ್ಬರ ಅಂಗಾಲನ್ನೂ ಎತ್ತಿಸಿ ನೋಡುತ್ತಾರೆ. ಎತ್ತಿಗೆ ಲಾಳ ಕಟ್ಟುವವರು ನೋಡಿದಂಗೈತೆ ಎಂದು ಗದ್ದೆಯ ಯಜಮಾನ ಕೆಂಪಣ್ಣ ನಗುತ್ತಾರೆ. ನಕ್ಕರೆ ನಗಲಿ.

"ಮೊಕ ಯಾರ್ ಬೇಕಾದ್ರೂ ನೋಡ್ತಾರೆ ಕಣಪ್ಪ, ಇಮ್ಮಡಿ ನೋಡೋರ್ ಯಾರು?" ಅನ್ನುತ್ತಾರೆ ಪುಟ್ಟತಾಯಮ್ಮ.

ಬರಿಗಾಲಲ್ಲಿ ಕೆಸರು, ಆಮೇಲೆ ಬಿಸಿಲು, ಮತ್ತೆ ಕೆಸರು. ಚರ್ಮದ ಜಿಡ್ಡೆಲ್ಲ ಹೋಗಿ, ಒಣಗಿ, ಮೈಭಾರ ಬಿದ್ದ ಕಡೆ ಬಿರಿಯುತ್ತದೆ. ಚಳಿಗಾಲದಲ್ಲಂತೂ ಕೇಳುವುದೇ ಬೇಡ. ಆದರೂ ನಾಟಿಯವರಿಗೆ ಒಡೆದ ಹಿಮ್ಮಡಿ ಒಂದು ಕಾಯಿಲೆಯೇ ಅಲ್ಲ. ಪುಟ್ಟತಾಯಮ್ಮನೂ ಹಾಗೇ ತಿಳಿದಿದ್ದರು, ಮಾರಮ್ಮನ ಕಾಲಿಗೆ ಬರುವ ತನಕ.

ಮಾರಮ್ಮ ಗುಂಪಿನ ಹಿರಿಯರು. ನಾಟಿ ಸಾಲಿನಲ್ಲಿ ಪುಟ್ಟತಾಯಮ್ಮನ ಪಕ್ಕದ ಜಾಗ ಅವರದು. ಹೋದ ವರ್ಷ ಹಿಮ್ಮಡಿ ಸೀಳಿ ರಕ್ತ ಬಂದಾಗ, ನಾಟಿ ಮುಗಿಯುವವರೆಗೆ ತಡೆದರೆ ಸಾಕೆಂದು ಸೈಕಲ್ ಪಂಚರಿಗೆ ಹಾಕುವ ಸಲ್ಯೂಷನ್ ಅಂಟು ತುಂಬಿ ಸೀಳು ಮುಚ್ಚಿದರು. ಮೇಲೆ ಕೂಡಿಕೊಂಡಿತು, ಒಳಗೆ ಕೀವಾಯಿತು. ಸಕ್ಕರೆ ಕಾಯಿಲೆ ಇದ್ದುದರಿಂದ ನೋವೂ ತಿಳಿಯಲಿಲ್ಲ. ಮೈಸೂರಿನ ಆಸ್ಪತ್ರೆ ಸೇರಿ ಕಾಲು ಉಳಿದದ್ದೇ ಪುಣ್ಯ.

"ಕಾಲ್ನ ಸೈಕಲ್ ಟೂಬು ಅನ್ಕಂಬುಟ್ಲು," ಎನ್ನುವಾಗ ಪುಟ್ಟತಾಯಮ್ಮನಿಗೆ ನಗುವೂ ಬರುತ್ತದೆ, ಕಣ್ಣೂ ತುಂಬುತ್ತದೆ.

ಊರಿನ ನರ್ಸ್ ಅರ್ಪಿತ ಹೇಳಿಕೊಟ್ಟದ್ದನ್ನು ಅವರು ತಮ್ಮ ಮಾತಿನಲ್ಲೇ ಗುಂಪಿಗೆ ದಾಟಿಸುತ್ತಾರೆ: "ಸಂಜೆ ಕಾಲ್ ತೊಳ್ಕಂಡು ಬೆರಳ್ ಸಂದೀನೂ ಒರೆಸ್ಕಳಿ. ಪಸೆ ಆರೋಕ್ ಮುಂಚೆ ಇಮ್ಮಡಿಗೆ ವ್ಯಾಸಲೀನ್ ಬಳ್ಕಂಡು, ಕಾಲುಚೀಲ ಆಕ್ಕಂಡು ಮನಿಕ್ಕಳಿ. ಬ್ಲೇಡ್ನಾಗೆ ಕೆರಿಯಕ್ಕೋದ್ರೆ ನೋಡಿ ಮತ್ತೆ! ರಕ್ತ ಬಂದ್ರೆ ಆಸ್ಪತ್ರೆಗ್ ನಡೀರಿ. ಸಕ್ಕರೆ ಇರೋರು ದಿನಾ ಮನೆಯೋರ್ ಕೈಲಿ ಕಾಲ್ ನೋಡಿಸ್ಕಳಿ."

ಕಾಲುಚೀಲದ ಮಾತಿಗೆ ಗಂಡಸರು ಇನ್ನೂ ಆಡಿಕೊಳ್ಳುತ್ತಾರೆ. ಆದರೆ ಪುಟ್ಟತಾಯಮ್ಮನ ಒಂದು ಕಟ್ಟಳೆಯನ್ನು ಕೆಂಪಣ್ಣನೂ ಮೀರುವಂತಿಲ್ಲ. ಹಿಮ್ಮಡಿ ಸೀಳಿದವರು ಕೆಸರಿಗೆ ಇಳಿಯಬಾರದು. ಬದುವಿನ ಮೇಲೆ ನಿಂತು ಪೈರಿನ ಕಟ್ಟು ಎಸೆಯಬೇಕು. ಕೂಲಿ ಮಾತ್ರ ಎಲ್ಲರಿಗೂ ಸಮ. ಇಲ್ಲದಿದ್ದರೆ ಯಾರು ತಾನೇ ಕಾಲೆತ್ತಿ ತೋರಿಸುತ್ತಾರೆ?

ಸಾಲಿನ ಕೊನೆಯಲ್ಲಿ ಇವತ್ತು ಮಾರಮ್ಮ ನಿಂತಿದ್ದಾರೆ. ವಾಸಿಯಾದ ಮೇಲೆ ಇದೇ ಮೊದಲು ಗದ್ದೆಗೆ ಬಂದಿರುವುದು. ಹಳೆಯ ಕಲೆಯ ಪಕ್ಕದಲ್ಲಿ ಕೂದಲೆಳೆಯಷ್ಟು ಹೊಸ ಸೀಳು. ಪುಟ್ಟತಾಯಮ್ಮನ ಬ್ಯಾಟರಿ ಅಲ್ಲೇ ನಿಲ್ಲುತ್ತದೆ.

"ಬ್ಯಾಡ ಕಣಕ್ಕ."

"ವಸಿ ಬಿರಿದೈತೆ ಅಷ್ಟೇಯ. ನಂಗ್ ನೋವೇ ಇಲ್ಲ ಕಣಮ್ಮಿ."

"ನೋಯಕಿಲ್ಲ ಅಂತ್ಲೇ ಕಣಕ್ಕ ನಂಗ್ ಭಯ."

ಮಾರಮ್ಮ ಮುಖ ಊದಿಸಿಕೊಂಡು ಚಪ್ಪಲಿ ಮೆಟ್ಟುತ್ತಾರೆ. ಮೊದಲ ಕಟ್ಟನ್ನು ಕೆಸರಿಗಿಳಿದ ಪುಟ್ಟತಾಯಮ್ಮನ ಮುಂದಕ್ಕೇ ರಪ್ಪನೆ ಎಸೆಯುತ್ತಾರೆ. ಮೈಮೇಲೆಲ್ಲ ಕೆಸರು. ಗುಂಪಿಗೆ ಗುಂಪೇ ನಗುತ್ತದೆ, ಕಡೆಗೆ ಮಾರಮ್ಮನೂ.

ನಾಟಿ ಸಾಲಿನಲ್ಲಿ ಪುಟ್ಟತಾಯಮ್ಮನ ಪಕ್ಕ ಒಂದಾಳಿನ ಜಾಗ ಖಾಲಿ. ಒತ್ತಿ ನಿಲ್ಲಲು ಬಂದವರನ್ನು ಅವರು ಮೊಣಕೈಯಲ್ಲೇ ತಡೆಯುತ್ತಾರೆ.

"ಅದು ಮಾರಕ್ಕನ ಜಾಗ. ಅವ್ಳು ಇಳಿಯೋಗಂಟ ಎರಡಾಳಿನ ಸಾಲೂ ನಾನೇ ನೆಡ್ತೀನಿ."