ತಿರುಗಿ ಬಂದ ಕಿಡಿ

ನಮ್ಮ ಪ್ರಯೋಗಾಲಯದ ಯಂತ್ರದ ಬಾಗಿಲು ತೆಗೆದರೆ ಸಾಕು, ಸುಟ್ಟ ಲೋಹದ ವಾಸನೆ ಮೂಗಿಗೆ ಅಡರುತ್ತದೆ. ನುಣ್ಣನೆಯ ಲೋಹದ ಪುಡಿಯನ್ನು ಲೇಸರಿನಿಂದ ಕರಗಿಸಿ, ಪದರದ ಮೇಲೆ ಪದರ ಕೂರಿಸಿ ಬಿಡಿಭಾಗ ಮಾಡುವ ಯಂತ್ರವದು. ಆಗ ಸಿಡಿಯುವ ಕಣಗಳನ್ನು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದು, ನಿಧಾನ ಮಾಡಿ ನೋಡುವುದು ನನ್ನ ಕೆಲಸ. ಆ ವಾಸನೆಗೆ ಬೆಟ್ಟದಪುರದ ನಮ್ಮ ಪಕ್ಕದ ಮನೆಯ ವೆಲ್ಡಿಂಗ್ ದೊಡ್ಡಪ್ಪ ನೆನಪಾಗುತ್ತಾರೆ...

ಸ್ವಂತ ದೊಡ್ಡಪ್ಪನಲ್ಲ. ಹೊಗೆಸೊಪ್ಪನ್ನು ಬಿಸಿಗಾಳಿಯಲ್ಲಿ ಬೇಯಿಸಿ ಒಣಗಿಸುವ ಕಟ್ಟಡಗಳಾದ ಬ್ಯಾರನ್ನುಗಳಲ್ಲಿ ಬಿಸಿ ಹರಿಯುವ ತಗಡಿನ ಕೊಳವೆ ತೂತಾದರೆ ಎಲ್ಲರೂ ಅವರನ್ನೇ ಕರೆಯುತ್ತಿದ್ದರು. ಸುತ್ತ ನೆನೆಸಿದ ಗೋಣಿತಾಟು ಹಾಸದೆ ಅವರು ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಮುಗಿದ ಮೇಲೆ ಎಲ್ಲಾದರೂ ಕಿಡಿ ಉಳಿದಿದೆಯೇ ಎಂದು ಒಂದೊಂದು ಗೋಣಿಯನ್ನೂ ಬರಿಗೈಯಲ್ಲಿ ಸವರಿ ನೋಡುತ್ತಿದ್ದರು. ಮಗು ಮಲಗಿಸುತ್ತಿದ್ದೀರಾ ಎಂದು ನಾವು ರೇಗಿಸುತ್ತಿದ್ದೆವು.

ಒಂದು ವರ್ಷ ಅವರು ಬೆಸುಗೆ ಹಾಕಿ ಬಂದ ಬ್ಯಾರನ್ನು ಅದೇ ಸಂಜೆ ಸೊಪ್ಪಿನ ಸಮೇತ ಸುಟ್ಟು ಬೂದಿಯಾಯಿತು. ಮುದುಕನಿಗೆ ಜವಾಬ್ದಾರಿ ಇಲ್ಲ ಎಂದು ಊರು ತೀರ್ಮಾನ ಮಾಡಿತು. ಆಮೇಲೆ ಯಾರೂ ಅವರನ್ನು ಕೆಲಸಕ್ಕೆ ಕರೆಯಲಿಲ್ಲ. ಅವರು ನಮ್ಮ ಜಗಲಿಗೆ ಬಂದು ಕೂತು ಹೇಳಿದ್ದನ್ನೇ ಹೇಳುತ್ತಿದ್ದರು.

"ಎಲ್ಲಾ ಕಿಡಿನೂ ಗೋಣಿ ಮ್ಯಾಲೇ ಬಿದ್ವು ಕಣವ್ವ. ಒಂದು ಮಾತ್ರ ಬೀಳ್ನಿಲ್ಲ. ಗಾಳೀಲೇ ನಿಂತ್ಕತ್ತು. ಆಮ್ಯಾಕೆ ತಿರೀಕ್ಕಂಡು ಬಂತು."

"ಕಿಡಿ ಎಲ್ಲಾದ್ರೂ ತಿರುಗಿ ಬತ್ತದಾ, ದೊಡ್ಡಪ್ಪ?"

"ಇನ್ನೊಂದ್ಸಲ ಕಂಡ್ರೆ ನಿನ್ಗೂ ತೋರಿಸ್ತೀನಿ ಬುಡು."

ಅದನ್ನು ಕಾಣಲೆಂದೇ ಹಿತ್ತಲಲ್ಲಿ ಕೂತು, ಕಣ್ಣಿಗೆ ಅಡ್ಡ ಹಿಡಿಯುವ ಕಪ್ಪು ಗಾಜು ಬಿಸಾಕಿ, ಗುಜರಿ ಕಬ್ಬಿಣಕ್ಕೆ ಸುಮ್ಮನೆ ಬೆಸುಗೆ ಹಾಕತೊಡಗಿದರು. ದೊಡ್ಡಮ್ಮ ಅಳುತ್ತಲೇ ಅವರ ಕಣ್ಣಿನ ಮೇಲೆ ಆಲೂಗಡ್ಡೆ ಬಿಲ್ಲೆ ಇಡುತ್ತಿದ್ದರು. ಕಣ್ಣು ಹೋಯಿತು. ಮೆಷಿನ್ನನ್ನೂ ಮಾರಿದರು.

ಆಮೇಲಿನದೇ ನನಗೆ ಭಯ. ಹಾಡಹಗಲು ಮಾತಾಡುತ್ತಿದ್ದವರು ತಟ್ಟನೆ ನಿಲ್ಲಿಸಿ ಮುಖ ಎತ್ತುತ್ತಿದ್ದರು. ಏನೋ ಹತ್ತಿರ ಬರುವುದನ್ನು ಕುರುಡುಗಣ್ಣು ಹಿಂಬಾಲಿಸುತ್ತಿತ್ತು. "ಬಂತು" ಎಂದು ಎಡಭುಜವನ್ನು ಒರೆಸಿಕೊಳ್ಳುತ್ತಿದ್ದರು. ಅಲ್ಲಿ ಏನೂ ಇರುತ್ತಿರಲಿಲ್ಲ. ಆದರೆ ಸುಟ್ಟ ಕಬ್ಬಿಣದ ವಾಸನೆ ಮಾತ್ರ ನನಗೂ ಬರುತ್ತಿತ್ತು...

ಹೋದ ವಾರ ಪರದೆಯ ಮೇಲೆ ನೂರಾರು ಕಣಗಳು ಸಿಡಿದು ದೂರ ಹೋದವು. ಒಂದು ಮಾತ್ರ ಗಾಳಿಯಲ್ಲೇ ನಿಂತಿತು. ನಿಧಾನವಾಗಿ ತಿರುಗಿ, ಬಂದ ದಾರಿಯಲ್ಲೇ ಉರಿಯೊಳಕ್ಕೆ ಹೋಯಿತು. ಕಾದ ಆವಿ ಮೇಲೇಳುವಾಗ ಸುತ್ತಲಿನ ಗಾಳಿಯನ್ನು ಒಳಕ್ಕೆ ಎಳೆಯುತ್ತದೆ, ಅದರ ಜೊತೆ ಕಣವೂ ಬರುತ್ತದೆ ಎಂದು ಜೊತೆಯವರು ವಿವರಿಸಿದರು. ಅದು ನನಗೂ ಗೊತ್ತು. ಆ ಬ್ಯಾರನ್ನು ಹೀಗೇ ಸುಟ್ಟಿತು ಎಂಬುದಕ್ಕೆ ಇದು ಸಾಕ್ಷಿಯಲ್ಲ ಎಂದೂ ಗೊತ್ತು. ಆದರೂ ಮತ್ತೆ ಮತ್ತೆ ಹಾಕಿ ನೋಡಿದೆ. ತೋರಿಸೋಣವೆಂದರೆ ಅವರು ತೀರಿಹೋಗಿ ಎಷ್ಟೋ ಕಾಲವಾಗಿದೆ. ಸಂಕಟವಾಯಿತು.

ಪರದೆ ಆರಿಸಿದೆ. ಕತ್ತಲಾದ ಗಾಜಿನಲ್ಲಿ ನನ್ನ ಬಿಂಬ ಕಂಡಿತು. ನನ್ನ ಬಲಗೈ ಎಡಭುಜವನ್ನು ಒರೆಸುತ್ತಿತ್ತು.