ಮಡಿಯಲ್ಲಿದ್ದ ದೋಣಿ

ನನಗೆ ಹೆದರಿಕೆ ಹುಟ್ಟಲು ಕಾರಣವೇನೂ ಬೇಕಿಲ್ಲ. ಮನೆಗೆ ಬೀಗ ಹಾಕಿ ಬಸ್ ಸ್ಟಾಪಿನವರೆಗೆ ಬಂದು, ಬೀಗ ಎಳೆದು ನೋಡಿದೆನೋ ಇಲ್ಲವೋ ಎಂದು ಮತ್ತೆ ಹಿಂದಿರುಗುವವನು ನಾನು. ಇಂಥವನ ಕೈಗೆ ನಮ್ಮ ಆಫೀಸಿನವರು ಒಂದು ಮೋಟಾರು ದೋಣಿ ಕೊಟ್ಟಿದ್ದರು. ಕೆರೆಗಳ ಆಳ ಅಳೆಯುವುದಕ್ಕೆಂದು ತರಿಸಿದ್ದ ಚಿಕ್ಕ ಮರದ ದೋಣಿ. ಅದನ್ನು ಟ್ರೈಲರಿನ ಮೇಲೆ ಕೂರಿಸಿ, ಜೀಪಿನ ಹಿಂದೆ ಕಟ್ಟಿಕೊಂಡು ಕೆರೆಯಿಂದ ಕೆರೆಗೆ ಒಯ್ಯಬೇಕಾಗಿತ್ತು.

ಒಮ್ಮೆ ಮೋಟಾರು ರಿಪೇರಿಯಾಗಿ ಬಂದಾಗ, ಭಾನುವಾರ ಕೆಂಗೇರಿ ಕೆರೆಯಲ್ಲಿ ಓಡಿಸಿ ನೋಡಿಬಿಡಿ ಎಂದರು ಸಾಹೇಬರು. ಆ ಸುದ್ದಿ ನಮ್ಮ ರಾಜಾಜಿನಗರದ ಮನೆಯ ಅಡಿಗೆಕೋಣೆಯವರೆಗೂ ಹೋಯಿತು. ಕೆರೆಯ ಆಚೆ ದಡದಲ್ಲಿ ಹನುಮಂತರಾಯನ ಚಿಕ್ಕ ಗುಡಿಯೊಂದಿದೆ. ಹಿಂದಿನ ವರ್ಷದ ಮಳೆಗೆ ದಾರಿ ಕೊಚ್ಚಿಹೋದ ಮೇಲೆ ಅಮ್ಮ ಅಲ್ಲಿಗೆ ಹೋಗಿರಲಿಲ್ಲ.

“ಹೆಂಗೂ ದೋಣಿ ಓಡಿಸ್ತೀಯಲ್ಲ. ಖಾಲಿ ಓಡಿಸಿದ್ರೂ ಅಷ್ಟೇ, ನಾನು ಕೂತ್ರೂ ಅಷ್ಟೇ” ಎಂದಳು.

ಸರ್ಕಾರಿ ದೋಣಿಯಲ್ಲಿ ತಾಯಿಯನ್ನು ಕೂರಿಸಿದರೆ ಯಾರಾದರೂ ನೋಡಿ ಚಾಡಿ ಹೇಳಿಯಾರೆಂದು ಒಂದು ರಾತ್ರಿ ನಿದ್ದೆಗೆಟ್ಟೆ. ಅದಕ್ಕಿಂತ ದೊಡ್ಡ ಯೋಚನೆ ಬೇರೆ ಇತ್ತು. ಶನಿವಾರ ಏಕಾದಶಿ. ಡಾಕ್ಟರು ಉಪವಾಸ ಕೂಡದು ಎಂದಿದ್ದರೂ ಅಮ್ಮ ನೀರನ್ನೂ ಮುಟ್ಟಿರಲಿಲ್ಲ. ಬೆಳಿಗ್ಗೆ ಮಡಿಯಲ್ಲೇ ಹೋಗಿ ದರ್ಶನ ಮಾಡಿ, ಮಡಿಯಲ್ಲೇ ಬಂದು ಅಡಿಗೆ ಮಾಡಿ ಊಟ ಮಾಡುತ್ತೇನೆಂದಳು. ನಡುವೆ ಯಾರಾದರೂ ಮುಟ್ಟಿ ಮಡಿ ಕೆಟ್ಟರೆ? ಇವತ್ತೂ ಊಟ ಬಿಟ್ಟುಬಿಡುತ್ತಾಳೆ, ತಲೆ ತಿರುಗಿ ಬೀಳುತ್ತಾಳೆ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಅಮ್ಮನನ್ನು ಕೇಳಲಿಲ್ಲ. ಕೇಳಿಬಿಟ್ಟರೆ ಹೆದರುವುದಕ್ಕೆ ಏನು ಉಳಿಯುತ್ತದೆ?

ಬೆಳಗಿನ ಜಾವ ಎಲ್ಲ ಸಲೀಸಾಗಿ ಆಯಿತು. ನಾನೂ ಮದುವೆಯ ಕಾಲದ ರೇಷ್ಮೆ ಪಂಚೆ ಉಟ್ಟಿದ್ದೆ. ಟ್ರೈಲರಿನ ಮೇಲಿದ್ದ ದೋಣಿಯಲ್ಲೇ ಅಮ್ಮನನ್ನು ಮಣೆ ಹಾಕಿ ಕೂರಿಸಿ, ಜೀಪನ್ನು ಹಿಂದಕ್ಕೆ ಬಿಟ್ಟು, ಹಾಗೇ ನೀರಿಗೆ ಇಳಿಸಿದೆ. ಕೆಸರು ಮೆಟ್ಟುವ ಹಾಗಿಲ್ಲ, ಮಂಡಿ ನೋಯುವ ಹಾಗಿಲ್ಲ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ಬರುವಾಗಲೂ ಹೀಗೆಯೇ, ಇಳಿಸಿದ ಹಾಗೆ ಏರಿಸುವುದು ಎಂದುಕೊಂಡೆ.

ದರ್ಶನ ಮುಗಿಸಿ ಈಚೆ ದಡಕ್ಕೆ ಬಂದಾಗ ಬಿಸಿಲೇರಿತ್ತು. ಕೆಂಗೇರಿಯ ಕಡೆಯ ರೈತರು ಮೂವರು ನಮ್ಮ ಟ್ರೈಲರಿನ ಪಕ್ಕದಲ್ಲೇ ಎತ್ತುಗಳ ಮೈ ತೊಳೆಯುತ್ತಿದ್ದರು. ನಾನು ನೀರಿಗೆ ಇಳಿದು ದೋಣಿಯ ಮೂತಿಯನ್ನು ಟ್ರೈಲರಿನ ಉರುಳೆಗೆ ತಾಗಿಸಿ ಹಗ್ಗ ಸಿಕ್ಕಿಸುತ್ತಿದ್ದಂತೆ ಅವರಲ್ಲಿ ಹಿರಿಯನಾದವನು ಕೈ ಒರೆಸಿಕೊಳ್ಳುತ್ತ ಬಂದ.

“ಒಬ್ರೇ ಇದೀರಾ ಸ್ವಾಮಿ. ನಾವೊಂದು ಕೈ ಹಾಕ್ತೀವಿ ತಡೀರಿ.”

“ಬೇಡ, ಬೇಡ. ಮುಟ್ಟಬೇಡಿ” ಎಂದೆ. ಧ್ವನಿ ನಾನೆಣಿಸಿದ್ದಕ್ಕಿಂತ ಜೋರಾಗಿ ಬಂತು. “ನಮ್ಮ ತಾಯಿ ಮಡೀಲಿದಾರೆ.”

ಅವನು ಅಲ್ಲೇ ನಿಂತ. ಚಾಚಿದ್ದ ಎರಡೂ ಕೈಗಳನ್ನು ಮೆಲ್ಲಗೆ ಬೆನ್ನ ಹಿಂದೆ ಕಟ್ಟಿಕೊಂಡ.

“ತಾಯೋರನ್ನ ಮುಟ್ಟಲ್ಲ ಸ್ವಾಮಿ. ದೋಣೀಗೂ ಮಡೀನಾ?”

ಅವನ ಹಿಂದಿದ್ದವನು ಎತ್ತಿನ ಬೆನ್ನು ಉಜ್ಜುತ್ತಲೇ ಹೇಳಿದ: “ಆ ದೋಣಿ ತೇಲ್ತಾ ಇರೋದು ನಮ್ಮೆತ್ತು ತೊಳೆದ ನೀರಲ್ಲೇ ಕಣಣ್ಣ. ಆ ನೀರನ್ನೂ ಆಚೆಗೆ ಕಳಿಸ್ಲಾ ಕೇಳು.”

ಮೂವರೂ ನಕ್ಕರು. ನಾನು ಆಫೀಸಿನಲ್ಲಿ ಎಲ್ಲರ ಜೊತೆ ಕೂತು ಕಾಫಿ ಕುಡಿಯುವವನು. ಮಡಿ ಮೈಲಿಗೆಯೆಲ್ಲ ಹಳೇ ಕಾಲದ್ದು ಎಂದು ಕ್ಯಾಂಟೀನಿನಲ್ಲಿ ಭಾಷಣವನ್ನೂ ಮಾಡುವವನು. ಅಲ್ಲಿ ನಿಂತಾಗ ಆ ಭಾಷಣದ ಒಂದು ಸಾಲೂ ನೆನಪಿಗೆ ಬರಲಿಲ್ಲ.

ಟ್ರೈಲರಿನ ಮುಂದುಗಡೆ ಕೈಯಲ್ಲಿ ತಿರುಗಿಸುವ ರಾಟೆ ಇದೆ. ಹಿಡಿ ತಿರುವಿದರೆ ಹಗ್ಗ ಸುತ್ತಿಕೊಂಡು ದೋಣಿ ಮೇಲೇರುತ್ತದೆ. ಕೈ ಬಿಟ್ಟರೆ ಹಿಂದೆ ಜಾರದಂತೆ ಒಂದು ಕೊಕ್ಕೆ ರಾಟೆಯ ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ನಾನು ತಿರುವತೊಡಗಿದೆ. ದೋಣಿ ಅರ್ಧ ಏರಿತು. ಅಮ್ಮ ಓರೆಯಾಗಿ, ಮಣೆ ಹಿಡಿದುಕೊಂಡು, ಆಕಾಶ ನೋಡುತ್ತ ಕೂತಿದ್ದಳು. ಅಷ್ಟರಲ್ಲಿ ನನ್ನ ಸೊಂಟವನ್ನು ಯಾರೋ ಎಳೆದಂತಾಯಿತು. ನೋಡುತ್ತೇನೆ, ಪಂಚೆಯ ಚುಂಗು ಹಗ್ಗದ ಜೊತೆಯಲ್ಲೇ ರಾಟೆಗೆ ಸುತ್ತಿಕೊಳ್ಳುತ್ತಿದೆ. ರೇಷ್ಮೆ ಮುದ್ದೆಯಾಗಿ ಹಲ್ಲಿನ ಸಂದಿಗೆ ತುಂಬಿಕೊಂಡಿದೆ. ಕೊಕ್ಕೆ ಕಚ್ಚುತ್ತಿಲ್ಲ.

ಹಿಡಿ ಬಿಟ್ಟರೆ ಅಮ್ಮ ದೋಣಿಸಮೇತ ಹಿಂದಕ್ಕೆ ಜಾರಿ ಮಗುಚುತ್ತಾಳೆ. ಹಿಡಿ ತಿರುವಿದರೆ ಪಂಚೆ ಪೂರ್ತಿ ಹೋಗುತ್ತದೆ. ಎರಡು ಕೈಯಲ್ಲೂ ಹಿಡಿಯನ್ನು ಅವುಚಿಕೊಂಡು, ಬಗ್ಗಿದ ಹಾಗೇ ನಿಂತೆ. ರೈತರ ನಗು ನಿಂತುಹೋಗಿತ್ತು. ಹಿರಿಯ ಒಂದು ಹೆಜ್ಜೆ ಮುಂದೆ ಬಂದವನು ಮತ್ತೆ ತಡೆದು ನಿಂತ. ಕೈ ಇನ್ನೂ ಬೆನ್ನ ಹಿಂದೆಯೇ. ಅವನಿಗೂ ಭಯವಾಗಿತ್ತೆಂದು ಕಾಣುತ್ತದೆ. ಆದರೆ ನಾನು ಹೇಳಿದ್ದನ್ನು ಪಾಲಿಸುತ್ತಿದ್ದ. ಕರೆಯಬೇಕು. ಯಾವ ಮುಖ ಇಟ್ಟುಕೊಂಡು ಕರೆಯಲಿ?

ಕರೆದವಳು ಅಮ್ಮ. ಆಕಾಶದಿಂದ ಕಣ್ಣು ಕೆಳಗಿಳಿಸಿ, ಪಕ್ಕದ ಮನೆಯವರನ್ನು ಕೂಗುವ ಹಾಗೆ ಹೇಳಿದಳು:

“ಏನಪ್ಪಾ, ನೋಡ್ತಾ ನಿಂತಿದೀರಲ್ಲ. ಬಂದು ತಳ್ರಪ್ಪ. ಇವನನ್ನ ನಂಬಿದ್ರೆ ನಾನು ಕೆರೆ ಪಾಲು.”

ಮೂವರೂ ನೀರಿಗೆ ಹಾರಿ ಹಿಂದಿನಿಂದ ಹೆಗಲು ಕೊಟ್ಟರು. ಹಗ್ಗ ಸಡಿಲಾಯಿತು. ನಾನು ಪಂಚೆ ಹರಿದುಕೊಂಡು ಬಿಡಿಸಿಕೊಂಡೆ. ದೋಣಿ ಅವರ ಕೈಯಲ್ಲಿ ಹೂವಿನ ಹಾಗೆ ಹೋಗಿ ಜಾಗದಲ್ಲಿ ಕೂತಿತು. ಉಳಿದ ಪಂಚೆಯನ್ನು ಹೇಗೋ ಸುತ್ತಿಕೊಂಡು ಜೀಪನ್ನು ಒಣ ನೆಲಕ್ಕೆ ತಂದ ಮೇಲೆ ಅಮ್ಮ ಹಿರಿಯನ ಕೈ ಹಿಡಿದು ಕೆಳಗಿಳಿದಳು. ಸೆರಗಿನಲ್ಲಿದ್ದ ಪ್ರಸಾದದ ಬಾಳೆಹಣ್ಣನ್ನು ಅವನಿಗೆ ಕೊಟ್ಟಳು. ನನ್ನ ಕಡೆ ನೋಡಲಿಲ್ಲ.

ಜೀಪು ಮೈಸೂರು ರಸ್ತೆಗೆ ಬಂದ ಮೇಲೆ ನಾನೇ ಬಾಯಿಬಿಟ್ಟೆ. “ನಿನ್ನ ಊಟ ತಪ್ಪಿಹೋಗುತ್ತೇಂತ ಹಾಗಂದೆ ಕಣಮ್ಮ.”

“ಮಡಿ ಹೋದ್ರೆ ಎರಡು ತಂಬಿಗೆ ನೀರು ಹುಯ್ಕೊಂಡ್ರೆ ಬರುತ್ತೆ” ಎಂದಳು. “ಅದಕ್ಕೆ ಅವರ ಮುಖಕ್ಕೆ ಹೊಡೆದ ಹಾಗೆ ಮಾತಾಡ್ತಾರೇನೋ?”

ಮನೆಗೆ ಬಂದು ಸ್ನಾನ ಮಾಡಿದಳು, ಅಡಿಗೆ ಮಾಡಿದಳು, ಹೊಟ್ಟೆ ತುಂಬ ಉಂಡಳು. ಅರ್ಧ ಊಟಕ್ಕೇ ಎದ್ದವನು ನಾನು.

ತಿಂಗಳೊಪ್ಪತ್ತಿನ ಮೇಲೆ ಆಫೀಸಿನ ಕೆಲಸಕ್ಕೆಂದೇ ಅದೇ ಕೆರೆಗೆ ಹೋದೆ. ಈ ಸಲ ಪ್ಯಾಂಟು ಹಾಕಿದ್ದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಆ ಹಿರಿಯ ದಡದ ಮೇಲೆ ಕೂತು ಬೀಡಿ ಸೇದುತ್ತಿದ್ದ. ಕೆಲಸ ಮುಗಿಸಿ ದೋಣಿಯನ್ನು ಟ್ರೈಲರಿಗೆ ತಾಗಿಸಿ, ಬಾಯಿಪಾಠವೆಲ್ಲ ಮರೆತು, “ಸ್ವಲ್ಪ ಕೈ ಹಾಕ್ತೀರಾ?” ಎಂದಷ್ಟೇ ಕೇಳಿದೆ.

ಅವನು ಎದ್ದು ಬಂದು ದೋಣಿಯೊಳಗೆ ಇಣುಕಿ ನೋಡಿದ.

“ತಾಯೋರು ಬಂದಿಲ್ವಾ?”

“ಇಲ್ಲ.”

“ಚೆನ್ನಾಗವ್ರಾ?”

“ಚೆನ್ನಾಗಿದಾರೆ.”

“ಅವ್ರು ಬಂದಾಗ ಹೇಳಿ ಸ್ವಾಮಿ, ಕೈ ಹಾಕ್ತೀವಿ” ಎಂದು ಸಮಾಧಾನವಾಗಿಯೇ ಹೇಳಿ, ಹೋಗಿ ಮತ್ತೆ ದಡದ ಮೇಲೆ ಕೂತ.

ನಾನು ರಾಟೆಯ ಹಿಡಿಗೆ ಕೈ ಹಚ್ಚಿದೆ. ಅವನು ನೋಡುತ್ತಿದ್ದ.