ಲಾಡ್ಲೇಸಾಬನ ದೀಪ, ದೇವಿಂದ್ರನ ಗಂಟೆ

ನಂಬಿದರೆ ನಂಬಿ, ಬಿಟ್ಟರೆ ಬಿಡಿ: ವಾರವಾರವೂ ನಮ್ಮನ್ನು ಶಹಾಪುರದಿಂದ ಗೋಗಿಗೆ ಸೈಕಲ್ ಮೇಲೆ ಕರೆದೊಯ್ದು, ಕತ್ತಲಲ್ಲಿ ಮುಂದೆ ನಿಂತು ಕರೆತರುತ್ತಿದ್ದವನಿಗೆ ಹೊತ್ತು ಮುಳುಗಿದ ಮೇಲೆ ಕಣ್ಣೇ ಕಾಣುತ್ತಿರಲಿಲ್ಲ!

ಲಾಡ್ಲೇಸಾಬ ತಹಸೀಲ್ ಕಚೇರಿಯ ಸೈಕಲ್ ಸವಾರ. ಹಳ್ಳಿ ಹಳ್ಳಿಗೆ ಸರಕಾರಿ ಟಪಾಲು ಮುಟ್ಟಿಸುವ ನೌಕರಿ. ನಿಜಾಮರ ಕಾಲದಲ್ಲಿ ಸೇರಿದವನು. ಪೊಲೀಸ್ ಆ್ಯಕ್ಷನ್ ಆದಮೇಲೆ ಅವನ ಓಣಿಯ ಎಷ್ಟೋ ಜನ ನೌಕರಿ ಹೋಗಿ ಮನೆ ಹಿಡಿದರು, ಇವನದು ಹೇಗೋ ಉಳಿಯಿತು. ಹೆಂಡತಿ ಚಮನಬೀ, ಹೆಣ್ಣುಮಕ್ಕಳು, ಮುದಿ ತಾಯಿ, ಎಲ್ಲರ ರೊಟ್ಟಿಯೂ ಆ ಸೈಕಲ್ಲಿನ ಮೇಲೆಯೇ. ಅಂಥವನಿಗೆ ಇರುಳುಗುರುಡು ಅಂಟಿಕೊಂಡಿತು. ಸವಾರನಿಗೆ ಕಣ್ಣಿಲ್ಲ ಎಂಬ ಸುದ್ದಿ ಕಚೇರಿಗೆ ಮುಟ್ಟಿದರೆ ಮರುದಿನವೇ ಆ ಜಾಗಕ್ಕೆ ಬೇರೊಬ್ಬ ಬರುತ್ತಿದ್ದ. ಹಾಗಾಗಿ ಹೆಂಡತಿಗೆ ಬಿಟ್ಟರೆ ಪಕ್ಕದ ಮನೆಯ ಬಡಿಗ ದೇವಿಂದ್ರನಿಗೆ ಮಾತ್ರ ಹೇಳಿದ.

"ಗೋಗಿ ದರ್ಗಾಕ್ಕ ಹೋಗಿ ಬೇಡಿಕೊಳ್ಳೂಣು ನಡಿ. ನಾ ಹಿಂದ ಬರತೀನಿ" ಎಂದ ದೇವಿಂದ್ರ. ಗುರುವಾರ ಸಂಜೆ ಹೋಗುವುದು, ಕತ್ತಲಾದ ಮೇಲೆ ಬರುವುದು. ಹಿಂದಿನಿಂದ ದೇವಿಂದ್ರ ತನ್ನ ಸೈಕಲ್ಲಿನ ಗಂಟೆ ಒಮ್ಮೆ ಬಾರಿಸಿದರೆ ಎಡಕ್ಕೆ, ಎರಡು ಸಲ ಬಾರಿಸಿದರೆ ಬಲಕ್ಕೆ, ಬಿಡದೆ ಬಾರಿಸಿದರೆ ನಿಲ್ಲು.

ಇದ್ಯಾವುದೂ ನಮಗೆ ಗೊತ್ತಿಲ್ಲ. ಇಬ್ಬರೂ ಗಾಳಿ ತಿನ್ನಲು ಹೋಗುತ್ತಾರೆಂದುಕೊಂಡು ಬಟ್ಟೆ ಅಂಗಡಿ ಮುಚ್ಚಿ ನಾನೂ ಹೊರಟೆ. ನನ್ನ ನೋಡಿ ಇನ್ನೂ ಮೂವರು. ನಮ್ಮೆಲ್ಲರ ನಡುವೆ ಇದ್ದದ್ದು ಕಚೇರಿಯವರು ಲಾಡ್ಲೇಸಾಬನಿಗೆ ಕೊಟ್ಟ ಘಾಸಲೇಟ್ ಎಣ್ಣೆಯ ದೀಪ ಒಂದೇ. ದೀಪ ಇದ್ದವನು ಮುಂದೆ, ಉಳಿದವರು ಅವನ ಹಿಂದೆ. ಇದು ನಮ್ಮ ಕಡೆಯ ಪದ್ಧತಿ, ಯಾರೂ ಹೇಳಿಕೊಡಬೇಕಿಲ್ಲ. ಬೇಡ ಎಂದರೆ ಯಾಕೆ ಎನ್ನುತ್ತೇವೆ. ಪಾಪ, ಅವನು ಏನೆಂದು ಹೇಳಿಯಾನು?

ದೇವಿಂದ್ರನ ಗಂಟೆಗೆ ನಾವು ಬೈದದ್ದೇ ಬೈದದ್ದು.

"ಏ ಬಡಿಗ್ಯಾ, ರಸ್ತಾದಾಗ ಒಂದು ನಾಯಿ ಸುದ್ದಾ ಇಲ್ಲ. ಯಾರಿಗೆ ಹೊಡಿಯಾಕತ್ತಿ?" ಎಂದು ನಾನು ಗದರಿದರೆ,

"ಕೈಗೆ ರೂಢಿ ಆಗೇದೋ ಮೌನಪ್ಪ, ಸುಮ್ಮನಿರಂದ್ರ ಇರವಲ್ದು" ಎಂದು ಹಲ್ಲು ಕಿರಿಯುತ್ತಿದ್ದ.

ಮೊದಲ ಚುನಾವಣೆ ಮುಗಿದ ವರ್ಷ, ಯುಗಾದಿಗೆ ಮೂರು ವಾರ ಇತ್ತು. ಬೇವು ಹೂ ಬಿಟ್ಟಿತ್ತು. ಜೋಳದ ರಾಶಿ ಮುಗಿದು ಒಣದಂಟಿನ ಕಣಿಕೆ ತುಂಬಿದ ಬಂಡಿಗಳು ಊರ ಕಡೆ ಬರುತ್ತಿದ್ದವು. ಆ ಗುರುವಾರ ಪೇಶ್ಕಾರ ಗುಂಡೇರಾಯರು ಹೊಸ ಸೈಕಲ್ ಹತ್ತಿ, "ನಾನೂ ಬರತೀನ್ರಪಾ" ಎಂದು ಬಂದೇಬಿಟ್ಟರು. ಅವರು ಲಾಡ್ಲೇಸಾಬನ ಮೇಲಧಿಕಾರಿ. ಅವನ ಮುಖ ಬಿಳಿಚಿತು, ನಾವು ಅದನ್ನು ಮರ್ಯಾದೆ ಎಂದುಕೊಂಡೆವು.

ಹೋಗುವಾಗ ಬೆಳಕಿತ್ತು, ಸುಖವಾಗಿ ಹೋದೆವು. ಬರುವಾಗ ದೀಪ ಹಚ್ಚಿ ಹೊರಟು ಸ್ವಲ್ಪ ದೂರ ಬಂದಿದ್ದೆವು, ಅಷ್ಟರಲ್ಲೇ ರಾಯರಿಗೆ ತಲೆ ಕೆಟ್ಟಿತು.

"ಏನೋ ಇದು ನಿನ್ನ ಟಣಟಣಾ! ತಲಿ ಚಿಟ್ಟ ಹಿಡೀತು" ಎಂದು ಎಲ್ಲರನ್ನೂ ನಿಲ್ಲಿಸಿ, ತಮ್ಮ ರುಮಾಲನ್ನು ಗಂಟೆಯೊಳಗೆ ತುರುಕಿ ಬಿಗಿಯಾಗಿ ಕಟ್ಟಿಬಿಟ್ಟರು. ನಾವು ಹೊಟ್ಟೆ ಹಿಡಿದು ನಕ್ಕೆವು. ದೇವಿಂದ್ರ ಮಾತ್ರ, "ಬ್ಯಾಡ್ರಿ ರಾಯರ, ಕೈ ಮುಗಿತೀನಿ" ಎಂದ. ಅವನು ಅಳುತ್ತಿದ್ದಾನೆಂದು ಯಾರಿಗೆ ಹೊಳೆಯಬೇಕು!

ಮತ್ತೆ ಹೊರಟೆವು. ದೇವಿಂದ್ರ ಕೆಮ್ಮತೊಡಗಿದ. ಒಮ್ಮೆ ಕೆಮ್ಮಿದರೆ ದೀಪ ಎಡಕ್ಕೆ ಹೊರಳಿತು, ಎರಡು ಸಲ ಕೆಮ್ಮಿದರೆ ಬಲಕ್ಕೆ. ಹಳ್ಳದ ತಿರುವಿನಲ್ಲಿ ಕಣಿಕೆಯ ಬಂಡಿಯೊಂದು ಗಡಗಡ ಎನ್ನುತ್ತ ಎದುರು ಬಂತು. ಆ ಸದ್ದಿನಲ್ಲಿ ಕೆಮ್ಮು ಎಲ್ಲಿ ಕೇಳಬೇಕು?

"ಲಾಡ್ಲ್ಯಾ, ಬಲಕ್ಕೋ!" ಎಂದು ದೇವಿಂದ್ರ ಕಿರಿಚುವುದರೊಳಗೆ ದೀಪ ನೆಟ್ಟಗೆ ಹೋಗಿ ಹಳ್ಳಕ್ಕಿಳಿಯಿತು. ಅದರ ಹಿಂದೆ ರಾಯರು, ರಾಯರ ಹಿಂದೆ ನಾನು, ನನ್ನ ಹಿಂದೆ ಉಳಿದವರು. ಎಲ್ಲರ ಕಣ್ಣೂ ದೀಪದ ಮೇಲೆ. ರಸ್ತೆಯನ್ನು ನೋಡುತ್ತಿದ್ದವನು ದೇವಿಂದ್ರ ಒಬ್ಬನೇ.

ದೀಪ ಒಡೆದು ಆರಿತು. ಅರ್ಧ ಚಂದ್ರನಿದ್ದ, ಒಬ್ಬರಿಗೊಬ್ಬರು ಕಾಣುತ್ತಿದ್ದೆವು. ರಾಯರ ತೋಳು ಮುರಿದು ಜೋತಾಡುತ್ತಿತ್ತು. "ಕೈ ಕೊಡೋ ಲಾಡ್ಲೇಸಾಬ!" ಎಂದು ಚೀರಿದರು. ಅವನು ಮೊಳದ ದೂರದಲ್ಲಿದ್ದ. "ಎಲ್ಲಿ ಅದೀರಿ ಸಾಹೇಬ್ರ? ಎಲ್ಲಿ ಅದೀರಿ?" ಎನ್ನುತ್ತ ಪಕ್ಕದ ಬಂಡೆಗಲ್ಲನ್ನು ಎರಡೂ ಕೈಯಿಂದ ತಡವುತ್ತಿದ್ದ. ರಾಯರ ಚೀರಾಟ ನಿಂತೇ ಹೋಯಿತು. ಇವನೇ ಏನು ಇಷ್ಟು ದಿನ ನಮ್ಮ ಮುಂದಿದ್ದವನು?

"ಅವಂಗ ರಾತ್ರಿ ಕಾಣಂಗಿಲ್ಲರಿ!" ದೇವಿಂದ್ರ ಮೇಲಿನಿಂದ ಇಳಿದು ಬರುತ್ತ ಬಾಯಿ ಬಡಿದುಕೊಂಡ. "ಆ ಗಂಟಿನೇ ಅವನ ಕಣ್ಣ. ನೀವು ಕಣ್ಣಿಗೇ ರುಮಾಲ ತುರುಕಿದ್ರಿ!"

ಅದೇ ಬಂಡಿಯ ಕಣಿಕೆಯ ಮೇಲೆ ರಾಯರನ್ನು ಮಲಗಿಸಿಕೊಂಡು ಊರಿಗೆ ಬಂದೆವು. ಲಾಡ್ಲೇಸಾಬ ಬಂಡಿಯ ಹಿಂದಿನ ಮರ ಹಿಡಿದು ನಡೆದ. "ಹೋತು ಬಿಡು ದೇವಿಂದ್ರ, ನನ್ನ ರೊಟ್ಟಿ ಹೋತು" ಎಂದು ದಾರಿಯುದ್ದಕ್ಕೂ ಅದೊಂದೇ ಮಾತು.

ಮರುದಿನ ಬೆಳಿಗ್ಗೆ ಒಡೆದ ದೀಪ ಹಿಡಿದು ಅವನು ಕಚೇರಿಗೆ ಹೊರಟ. ಜೀವ ತಡೆಯದೆ ದೇವಿಂದ್ರನೂ ನಾನೂ ಬೆನ್ನು ಹತ್ತಿದೆವು. ಗುಂಡೇರಾಯರು ತೋಳನ್ನು ಕೊರಳಿಗೆ ಕಟ್ಟಿಸಿಕೊಂಡು ಕೂತಿದ್ದರು.

"ಏನದು?"

"ದೀಪರಿ. ಸರಕಾರದ್ದು. ನನ್ನ ನೌಕರಿ ಮುಗೀತಲ್ಲರಿ."

"ಹಗಲಿನಾಗ ಕಾಣತದ?"

"ಬರೋಬ್ಬರಿ ಕಾಣತದರಿ."

"ಕಚೇರಿ ಹಗಲಿನಾಗ ನಡೀತದ" ಎಂದರು ರಾಯರು, ಮುಖ ಎತ್ತದೆ. "ಟಪಾಲ ಬಿದ್ದೇದ, ತಗೊಂಡು ನಡಿ. ದೀಪ ಆ ಬಡಿಗ್ಯಾನ ಕೈಯಾಗ ಕೊಡು, ರಿಪೇರಿ ಮಾಡಿಸಲಿ."

ಲಾಡ್ಲೇಸಾಬ ಟಪಾಲಿನ ಚೀಲ ಹೆಗಲಿಗೆ ಹಾಕಿಕೊಳ್ಳಲು ಹೋಗಿ ಮೂರು ಸಲ ಬೀಳಿಸಿದ.

ಮುಂದಿನ ಗುರುವಾರ ಗೋಗಿಯಿಂದ ಬರುವಾಗ ದೀಪ, ಗಂಟೆ ಎರಡೂ ಮುಂದಿದ್ದ ದೇವಿಂದ್ರನ ಬಳಿ ಇದ್ದವು. ಅವನ ಹಿಂದೆ ಲಾಡ್ಲೇಸಾಬ, ಅವನ ಹಿಂದೆ ನಾನು. ಈ ಮನುಷ್ಯ ಹೇಗೆ ಹೋಗುತ್ತಿದ್ದ ನೋಡೋಣ ಎಂದು ನೆಟ್ಟಗಿನ ರಸ್ತೆಯಲ್ಲಿ ಒಮ್ಮೆ ಕಣ್ಣು ಮುಚ್ಚಿದೆ. ಗಂಟೆ ಸ್ವಚ್ಛ ಕೇಳುತ್ತಿತ್ತು. ಆದರೂ ಒಂದು ಬೇವಿನ ಮರದಿಂದ ಇನ್ನೊಂದು ಮರದವರೆಗೆ ಹೋಗುವುದು ನನ್ನಿಂದಾಗಲಿಲ್ಲ. ಸೈಕಲ್ ನಿಲ್ಲಿಸಿ ಇಳಿದುಬಿಟ್ಟೆ.